ಮುಂದಿನ ಸ್ಪ್ರಿಂಗಿಗೆ ಹಿಂದಿನ ಸ್ಪ್ರಿಂಗ್: ಒಂದು ಹೊಂದಾಣಿಕೆಯ ಇತಿಹಾಸ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹೊಲದ ದಾರಿಗಳಲ್ಲಿ ಚಕ್ಕಡಿ ಹೊಡೆದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಹೇರು ಮುಂದಕ್ಕೆ ಹೆಚ್ಚಾದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಆದ್ದರಿಂದ ಮೂಟೆಗಳನ್ನು ಅಚ್ಚಿನ ಹಿಂದೆ ಮುಂದೆ ಸರಿದೂಗಿಸಿ ಹೇರುತ್ತಾರೆ. ಚಕ್ಕಡಿಗೆ ಸ್ಪ್ರಿಂಗ್ ಇಲ್ಲ; ಕಲ್ಲಿನ ಮೇಲೆ ಗಾಲಿ ಹತ್ತಿಳಿದಾಗ ಆಗುವ ಹೊಡೆತದ ಪಾಲು ಎತ್ತಿನ ಹೆಗಲಿಗೇ ಬೀಳುತ್ತದೆ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಎತ್ತಿನಗಾಡಿಯ ಸುಧಾರಣೆಯನ್ನು ಗಂಭೀರ ತಾಂತ್ರಿಕ ವಿಷಯವಾಗಿ ಎತ್ತಿಕೊಂಡದ್ದು ಇದೇ ಕಾರಣಕ್ಕೆ.

ಇಂದು ಅದೇ ದಾರಿಗಳಲ್ಲಿ ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗ್ ಇರುವ ಬೈಸಿಕಲ್ಲುಗಳು ಕಾಣುತ್ತವೆ. ಮುಂದಿನ ಫೋರ್ಕ್ ಎಷ್ಟು ಕುಗ್ಗಬೇಕು, ಹಿಂದಿನ ಶಾಕ್ ಎಷ್ಟು ಕುಗ್ಗಬೇಕು, ಇವೆರಡರ ನಡುವೆ ಎಂಥ ಸಂಬಂಧವಿರಬೇಕು ಎಂಬುದು ಮೌಂಟನ್ ಬೈಕಿನೊಂದಿಗೆ ಹುಟ್ಟಿದ ಪ್ರಶ್ನೆಯಲ್ಲ. ಅದರ ಇತಿಹಾಸ ಕುತೂಹಲಕರವಾಗಿದೆ.

ಒಬಡಯಾ ಎಲಿಯಟ್ 1804ರಲ್ಲಿ ಕುದುರೆ ಸಾರೋಟಿಗೆ ದೀರ್ಘವೃತ್ತಾಕಾರದ ಪಟ್ಟಿ ಸ್ಪ್ರಿಂಗಿನ ಪೇಟೆಂಟ್ ಪಡೆದ. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದ. ಎರಡೂ ದೊಡ್ಡ ಹೆಜ್ಜೆಗಳೇ. ಆದರೆ ಹಿಂದಿನ ಸ್ಪ್ರಿಂಗಿಗೂ ಮುಂದಿನ ಸ್ಪ್ರಿಂಗಿಗೂ ಇರುವ ನಂಟನ್ನು ವ್ಯವಸ್ಥಿತವಾಗಿ ಪರೀಕ್ಷಿಸಿದ್ದು 1930ರ ದಶಕದಲ್ಲಿ, ಮೋಟಾರು ಕಾರಿನ ಮೇಲೆ.

ರೋಲ್ಸ್‌ರಾಯ್ಸ್ ಕಂಪನಿಯಲ್ಲಿ ದುಡಿದಿದ್ದ ಮಾರಿಸ್ ಆಲಿ ಎಂಬ ಇಂಗ್ಲಿಷ್ ಎಂಜಿನಿಯರ್ 1930ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಂಪನಿ ಸೇರಿದ. ದೊಡ್ಡ ಕಾರೊಂದರ ಮುಂದೆಯೂ ಹಿಂದೆಯೂ ಸರಿಸಬಹುದಾದ ತೂಕಗಳನ್ನು ಕಟ್ಟಿ, ಸ್ಪ್ರಿಂಗುಗಳನ್ನು ಬದಲಿಸುತ್ತ, ಯಾವ ಹೊಂದಾಣಿಕೆಯಲ್ಲಿ ಪ್ರಯಾಣ ಹಿತವೆನಿಸುತ್ತದೆ ಎಂದು ಆತ ಪರೀಕ್ಷಿಸಿದ. ಮುಂದಿನ ಸ್ಪ್ರಿಂಗ್ ಮೆತ್ತಗೂ ಹಿಂದಿನದು ಸ್ವಲ್ಪ ಬಿರುಸಾಗಿಯೂ ಇದ್ದಾಗ ಕಾರು ಸಮತಟ್ಟಾಗಿ ಸಾಗುತ್ತಿತ್ತು. ಅದುವರೆಗಿನ ಕಾರುಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಇದಕ್ಕೆ ತದ್ವಿರುದ್ಧ.

ಇದರ ಹಿಂದಿನ ಭೌತಶಾಸ್ತ್ರ ಪಿಯುಸಿ ವಿದ್ಯಾರ್ಥಿಗೆ ನಿಲುಕುವಂಥದ್ದು. ಭಾರ ಹೇರಿದಾಗ ಸ್ಪ್ರಿಂಗ್ ಎಷ್ಟು ಕುಸಿಯುತ್ತದೆಯೋ ಆ ದೂರವೊಂದೇ ಅದರ ಸಹಜ ಆವೃತ್ತಿಯನ್ನು ನಿರ್ಧರಿಸುತ್ತದೆ. ಕುಸಿತವನ್ನು ಸೆಂಟಿಮೀಟರಿನಲ್ಲಿ ಅಳೆದರೆ, ಆವೃತ್ತಿ = 5 ÷ √ಕುಸಿತ, ಹರ್ಟ್ಸ್‌ಗಳಲ್ಲಿ. ಈ 5 ಎಂಬುದು ಗುರುತ್ವ ವೇಗೋತ್ಕರ್ಷ 981ರ ವರ್ಗಮೂಲವನ್ನು 2πಯಿಂದ ಭಾಗಿಸಿದಾಗ ಬರುವ ಸಂಖ್ಯೆ. ಸೂತ್ರದಲ್ಲಿ ದ್ರವ್ಯರಾಶಿಯೇ ಇಲ್ಲ ಎಂಬುದನ್ನು ಗಮನಿಸಿ. ಭಾರದ ಲಾರಿಯಾಗಲಿ ಹಗುರ ಬೈಸಿಕಲ್ಲಾಗಲಿ, ಕುಸಿತ ಒಂದೇ ಆಗಿದ್ದರೆ ಆವೃತ್ತಿಯೂ ಒಂದೇ.

ವಾಹನ ಉಬ್ಬೊಂದನ್ನು ದಾಟುವಾಗ ಮುಂಭಾಗ ಮೊದಲು ಏಳುತ್ತದೆ, ಹಿಂಭಾಗ ತಡವಾಗಿ ಏಳುತ್ತದೆ. ಗಾಲಿಗಳ ನಡುವೆ 3 ಮೀಟರ್ ಇರುವ ಕಾರು ಸೆಕೆಂಡಿಗೆ 15 ಮೀಟರ್ ವೇಗದಲ್ಲಿದ್ದರೆ ಈ ತಡ 0.2 ಸೆಕೆಂಡ್. ಎರಡು ತುದಿಗಳ ಆವೃತ್ತಿಯೂ ಒಂದೇ ಆದರೆ ಆ ಅಂತರ ಹಾಗೆಯೇ ಉಳಿದು ವಾಹನ ತೊಟ್ಟಿಲಿನಂತೆ ಹಿಂದೆ ಮುಂದೆ ತೂಗುತ್ತದೆ. ಹಿಂದಿನದು ತುಸು ಚುರುಕಾಗಿದ್ದರೆ ಒಂದೆರಡು ತೂಗಿನಲ್ಲೇ ಮುಂದಿನದನ್ನು ಹಿಡಿಯುತ್ತದೆ. ಓಲಾಟ ಹೋಗಿ ಬರಿಯ ಏರಿಳಿತ ಉಳಿಯುತ್ತದೆ. ಮುಂದಿನ ಕುಸಿತ ಹಿಂದಿನದಕ್ಕಿಂತ ಶೇಕಡಾ 30ರಷ್ಟು ಹೆಚ್ಚಿರಲಿ ಎಂಬುದು ಆಲಿಯ ಸೂಚನೆ. ಆಗ ಹಿಂದಿನ ಆವೃತ್ತಿ ಸುಮಾರು ಶೇಕಡಾ 14ರಷ್ಟು ಹೆಚ್ಚಾಗುತ್ತದೆ.

ಇನ್ನು ಕೆಲವರು ಎರಡು ತುದಿಗಳನ್ನು ನೇರವಾಗಿ ಜೋಡಿಸಿಯೇ ಬಿಟ್ಟರು. ಉತ್ತ ಹೊಲದಲ್ಲಿ ಬುಟ್ಟಿ ಮೊಟ್ಟೆ ಒಯ್ದರೂ ಒಂದೂ ಒಡೆಯಬಾರದು ಎಂಬ ಬೇಡಿಕೆಯಿಂದ ಹುಟ್ಟಿದ, 1948ರಲ್ಲಿ ಪ್ರದರ್ಶನಗೊಂಡ ಫ್ರಾನ್ಸಿನ ಸಿಟ್ರೊಯೆನ್ 2ಸಿವಿ ಕಾರಿನಲ್ಲಿ ಮುಂದಿನ ಮತ್ತು ಹಿಂದಿನ ಗಾಲಿಗಳ ಸ್ಪ್ರಿಂಗುಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. (ಸವಣೂರಿನ ಎರೆ ಹೊಲದಲ್ಲಿ ಆ ಕಾರನ್ನು ಯಾರಾದರೂ ಓಡಿಸಿ ನೋಡಬೇಕಿತ್ತು!) ಬ್ರಿಟನ್ನಿನ ಅಲೆಕ್ಸ್ ಮೌಲ್ಟನ್ 1962ರ ಮಾರಿಸ್ 1100 ಕಾರಿನಲ್ಲಿ ಅದೇ ಕೆಲಸವನ್ನು ದ್ರವ ತುಂಬಿದ ಕೊಳವೆಯಿಂದ ಮಾಡಿಸಿದ. ಅದೇ ವರ್ಷ ಆತ ಎರಡೂ ಗಾಲಿಗೆ ಸಸ್ಪೆನ್ಷನ್ ಇರುವ ಬೈಸಿಕಲ್ಲನ್ನೂ ಮಾರುಕಟ್ಟೆಗೆ ತಂದ. ಅದರ ಗಾಲಿಗಳು ಚಿಕ್ಕವು. ಚಿಕ್ಕ ಗಾಲಿ ಗುಂಡಿಯೊಳಕ್ಕೆ ಹೆಚ್ಚು ಇಳಿಯುವುದರಿಂದ ಸಸ್ಪೆನ್ಷನ್ ಅನಿವಾರ್ಯವಾಗಿತ್ತು.

ಮೌಂಟನ್ ಬೈಕ್ ರೂಪುಗೊಂಡದ್ದು 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ. ಮೊದಮೊದಲು ಅದಕ್ಕೆ ಸ್ಪ್ರಿಂಗ್ ಇರಲಿಲ್ಲ. ಪಾಲ್ ಟರ್ನರ್ ಕಟ್ಟಿದ ರಾಕ್‌ಶಾಕ್ಸ್ ಕಂಪನಿಯ ಮೊದಲ ಫೋರ್ಕ್ ಬಂದದ್ದು 1980ರ ದಶಕದ ಕೊನೆಗೆ. ಅದು ಕುಗ್ಗುತ್ತಿದ್ದುದು ಸುಮಾರು 5 ಸೆಂಟಿಮೀಟರ್ ಮಾತ್ರ. 1990ರ ದಶಕದಲ್ಲಿ ಹಿಂದಿನ ಶಾಕ್ ಸಹ ಸಾಮಾನ್ಯವಾಯಿತು. ಹಳೆಯ ಪ್ರಶ್ನೆ ಮತ್ತೆ ಎದ್ದಿತು.

'ಮುಂದೆ 120 ಮಿಲಿಮೀಟರ್, ಹಿಂದೆಯೂ 120' ಎಂಬ ಚೀಟಿ ನೋಡಿ ಎರಡೂ ಸರಿಹೊಂದಿವೆ ಎಂದುಕೊಳ್ಳುವವರು ಬಹಳ. ಆದರೆ ಫೋರ್ಕ್ ಓರೆಯಾಗಿರುತ್ತದೆ. ನೆಲಕ್ಕೆ 67 ಡಿಗ್ರಿ ಕೋನದಲ್ಲಿರುವ ಫೋರ್ಕ್ 130 ಮಿಲಿಮೀಟರ್ ಕುಗ್ಗಿದರೆ ನೇರ ಎತ್ತರದಲ್ಲಿ ಸಿಗುವುದು 120 ಮಾತ್ರ. ಹಿಂದಿನ ಶಾಕ್ ಸನ್ನೆಯ ಮೂಲಕ ಕೆಲಸ ಮಾಡುತ್ತದೆ. ಶಾಕ್ 5 ಸೆಂಟಿಮೀಟರ್ ಕುಗ್ಗಿದಾಗ ಗಾಲಿ 12.5 ಸೆಂಟಿಮೀಟರ್ ಏರುವುದಾದರೆ, ಗಾಲಿಯ ಬಳಿ ಸ್ಪ್ರಿಂಗಿನ ಬಿರುಸು 2.5ರ ವರ್ಗದಷ್ಟು, ಅಂದರೆ 6.25 ಪಟ್ಟು ಕಡಿಮೆ. ಬಲವೂ ದೂರವೂ ಎರಡೂ ಬದಲಾಗುವುದರಿಂದ ಈ ವರ್ಗ ಬರುತ್ತದೆ. ತರಗತಿಯಲ್ಲಿ ಕೊಡಬಹುದಾದ ಸೊಗಸಾದ ಲೆಕ್ಕವಿದು.

ಇಲ್ಲಿ ಆಲಿಯ ನಿಯಮ ನಡೆಯುವುದಿಲ್ಲ. ಬೈಸಿಕಲ್ ಸವಾರ ತನ್ನ ವಾಹನಕ್ಕಿಂತ ಹಲವು ಪಟ್ಟು ಭಾರ, ಮೇಲಾಗಿ ಅವನ ಕಾಲುಗಳೇ ಸ್ಪ್ರಿಂಗುಗಳು. ಸಮತಟ್ಟು ನೆಲದಲ್ಲಿ ಶೇಕಡಾ 40ರಷ್ಟು ಭಾರ ಮುಂದಿನ ಗಾಲಿಯ ಮೇಲಿದೆ ಎನ್ನೋಣ. ಗುರುತ್ವ ಕೇಂದ್ರ 1.1 ಮೀಟರ್ ಎತ್ತರದಲ್ಲಿ, ಗಾಲಿಗಳ ಅಂತರ 1.15 ಮೀಟರ್ ಇದ್ದರೆ, 10 ಡಿಗ್ರಿ ಇಳಿಜಾರಿನಲ್ಲಿ ಅದು ಸುಮಾರು 57ಕ್ಕೆ ಏರುತ್ತದೆ. ಅದರ ಮೇಲೆ ಬ್ರೇಕ್ ಹಿಡಿದರೆ ಇನ್ನೂ ಹೆಚ್ಚು. ಫೋರ್ಕ್ ಮೆತ್ತಗಿದ್ದರೆ ತಳ ಕಚ್ಚುತ್ತದೆ, ಹ್ಯಾಂಡಲಿನ ಕೋನ ಕಡಿದಾಗುತ್ತದೆ, ಸವಾರ ಮುಗ್ಗರಿಸಿ ಬೀಳುತ್ತಾನೆ. ಆದ್ದರಿಂದ ಸವಾರ ಕುಳಿತಾಗ ಫೋರ್ಕ್ ತನ್ನ ಪೂರ್ಣ ಚಲನೆಯ ಶೇಕಡಾ 20ರಿಂದ 25, ಹಿಂದಿನದು 25ರಿಂದ 30 ಕುಸಿಯುವಂತೆ ಹೊಂದಿಸುವುದು ವಾಡಿಕೆ. ಮೇಲಿನ ಉದಾಹರಣೆಯಲ್ಲಿ 20 ಮತ್ತು 30 ಇಟ್ಟುಕೊಂಡರೆ ಕುಸಿತ 2.4 ಮತ್ತು 3.6 ಸೆಂಟಿಮೀಟರ್, ಆವೃತ್ತಿ 3.2 ಮತ್ತು 2.6 ಹರ್ಟ್ಸ್. ಗಾಳಿ ತುಂಬಿದ ಶಾಕಿಗೆ ಇದು ಅಂದಾಜು ಮಾತ್ರ.

ಉದ್ದನೆಯ ಫೋರ್ಕ್ ಹಾಕಿಸಿದರೆ ಒಳ್ಳೆಯದು ಎಂಬ ನಂಬಿಕೆಯೂ ಇದೆ. ಫೋರ್ಕ್ 20 ಮಿಲಿಮೀಟರ್ ಉದ್ದವಾದರೆ ಚೌಕಟ್ಟು ಸುಮಾರು ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ. ಏರಿನಲ್ಲಿ ಮುಂದಿನ ಗಾಲಿ ಹಗುರಾಗಿ ಅಲೆಯುವುದು ಆಗಲೇ.

ಕರ್ನಾಟಕ ಸರ್ಕಾರ 2006-07ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸಿಕ್ಕ ಬೈಸಿಕಲ್ಲುಗಳಿಗೆ ಈ ತಾಪತ್ರಯವಿರಲಿಲ್ಲ. ಅವಕ್ಕೆ ಟೈರಿನ ಗಾಳಿಯೇ ಸಸ್ಪೆನ್ಷನ್. ಇಂದು ಸ್ಪ್ರಿಂಗಿನ ಬೈಸಿಕಲ್ ಕೊಳ್ಳುವ ವಿದ್ಯಾರ್ಥಿ ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಫೋರ್ಕಿನ ಒಳಕೊಳವೆಗೆ ಒಂದು ದಾರ ಕಟ್ಟಿ ಕೆಳಕ್ಕೆ ಸರಿಸಿ, ಮೆಲ್ಲಗೆ ಹತ್ತಿ ಕುಳಿತು, ಮೆಲ್ಲಗೆ ಇಳಿದು, ದಾರ ಎಷ್ಟು ಸರಿದಿದೆ ಎಂದು ಸ್ಕೇಲಿನಿಂದ ಅಳೆಯುವುದು. ಹಿಂದಿನ ಗಾಲಿಗಾದರೆ ಅದರ ಅಚ್ಚಿನಿಂದ ಸೀಟಿನವರೆಗಿನ ಅಂತರವನ್ನು ಹತ್ತುವ ಮುನ್ನ ಒಮ್ಮೆ, ಕುಳಿತಾಗ ಗೆಳೆಯನಿಂದ ಇನ್ನೊಮ್ಮೆ ಅಳೆಸುವುದು. ಹಿಂದೆ ಏನೂ ಕುಸಿಯದಿದ್ದರೆ ಅಲ್ಲಿರುವ ಸ್ಪ್ರಿಂಗ್ ಬರಿಯ ಅಲಂಕಾರ.