ಸ್ತನ ಕ್ಯಾನ್ಸರ್ ಚಿಕಿತ್ಸೆ ಮತ್ತು ರೋಗಶಾಸ್ತ್ರ

ಸ್ತನದಿಂದ ತೆಗೆದ ಅಂಗಾಂಶವನ್ನು ಪರೀಕ್ಷಿಸಿ, ಅದು ಕ್ಯಾನ್ಸರ್ ಹೌದೇ, ಹೌದಾದರೆ ಎಷ್ಟು ಉಗ್ರ, ಯಾವ ಔಷಧಕ್ಕೆ ಬಗ್ಗೀತು ಎಂದು ಹೇಳುವುದು ರೋಗಶಾಸ್ತ್ರಜ್ಞರ ಕೆಲಸ. ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈಚೆಗೆ.

ಬಹುಕಾಲ ಶಸ್ತ್ರವೈದ್ಯರು ಅವರನ್ನು ಕೇಳುತ್ತಿದ್ದುದು ಹೌದೋ ಅಲ್ಲವೋ ಎಂದಷ್ಟೇ. 1905ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಲೂಯಿಸ್ ವಿಲ್ಸನ್, ಅಂಗಾಂಶವನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಕೊಯ್ದು, ಬಣ್ಣ ಹಾಕಿ ಕೆಲವೇ ನಿಮಿಷಗಳಲ್ಲಿ ನೋಡುವ ವಿಧಾನ ರೂಪಿಸಿದರು. ಅನುಕೂಲವೇನೋ ಆಯಿತು. ಆದರೆ ಕ್ಯಾನ್ಸರ್ ಎಂದಾದರೆ ಅದೇ ಹೊತ್ತಿನಲ್ಲಿ ಸ್ತನವನ್ನೂ ತೆಗೆಯುತ್ತಿದ್ದುದರಿಂದ, ಗಂಟಿನ ಪರೀಕ್ಷೆಗೆಂದು ಅರಿವಳಿಕೆ ಪಡೆದ ಹೆಂಗಸಿಗೆ ಎಚ್ಚರವಾಗುವಾಗ ಸ್ತನ ಉಳಿದಿರುತ್ತದೋ ಇಲ್ಲವೋ ತಿಳಿದಿರುತ್ತಿರಲಿಲ್ಲ. 1970ರ ದಶಕದವರೆಗೂ ಈ ಪದ್ಧತಿ ನಡೆದದ್ದು ವೈದ್ಯಕೀಯಕ್ಕೆ ಭೂಷಣವಲ್ಲ.

1957ರಲ್ಲಿ ಬ್ಲೂಮ್ ಮತ್ತು ರಿಚರ್ಡ್‌ಸನ್ ರೋಗದ ಉಗ್ರತೆಗೆ ಅಂಕ ಕೊಡುವ ಕ್ರಮ ತಂದರು. 1991ರಲ್ಲಿ ನಾಟಿಂಗ್‌ಹ್ಯಾಮ್‌ನ ಎಲ್ಸ್ಟನ್ ಮತ್ತು ಎಲ್ಲಿಸ್ ಅದನ್ನು ತಿದ್ದಿದರು.

ಔಷಧದ ದಾರಿ ಬೇರೆಡೆಯಿಂದ ತೆರೆಯಿತು. ಅಂಡಾಶಯ ತೆಗೆದರೆ ಸ್ತನದ ಗಡ್ಡೆ ಕುಗ್ಗಬಹುದೆಂದು ಗ್ಲಾಸ್ಗೋದ ಜಾರ್ಜ್ ಬೀಟ್ಸನ್ 1896ರಲ್ಲೇ ವರದಿ ಮಾಡಿದ್ದರು. ಫಲ ಸಿಕ್ಕಿದ್ದು ಸುಮಾರು ಮೂವರಲ್ಲಿ ಒಬ್ಬರಿಗೆ. ಆ ಒಬ್ಬರು ಯಾರೆಂದು ಮೊದಲೇ ಹೇಳುವಂತಿರಲಿಲ್ಲ. 1950ರ ದಶಕದ ಕೊನೆಗೆ ಷಿಕಾಗೋದ ಎಲ್ವುಡ್ ಜೆನ್ಸನ್, ಅಂಡಾಶಯದ ಹಾರ್ಮೋನಾದ ಈಸ್ಟ್ರೋಜೆನ್‌ಗೆ ವಿಕಿರಣಶೀಲ ಹೈಡ್ರೋಜನ್ ಬೆರೆಸಿ ಅದನ್ನು ಇಲಿಗಳಿಗೆ ಕೊಟ್ಟು ನೋಡಿದರು. ಸ್ನಾಯುಗಳಿಂದ ಅದು ಬೇಗ ಹೊರಟುಹೋಯಿತು, ಗರ್ಭಕೋಶದಲ್ಲಿ ನಿಂತಿತು. ಅದನ್ನು ಹಿಡಿದಿಡುವ ಪ್ರೋಟೀನೇ ಈಸ್ಟ್ರೋಜೆನ್ ಗ್ರಾಹಕ. ಗಡ್ಡೆಯಲ್ಲಿ ಈ ಗ್ರಾಹಕ ಇಲ್ಲದವರಿಗೆ ಹಾರ್ಮೋನ್ ಚಿಕಿತ್ಸೆ ಬಹುತೇಕ ವ್ಯರ್ಥವೆಂದು ಮುಂದೆ ಸ್ಪಷ್ಟವಾಯಿತು. 1977ರಲ್ಲಿ ಅಮೆರಿಕ ಈ ಗ್ರಾಹಕವನ್ನು ತಡೆಯುವ ಟಾಮೊಕ್ಸಿಫೆನ್ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಮೊದಮೊದಲು ಗ್ರಾಹಕದ ಪರೀಕ್ಷೆಗೆ ಹಸಿ ಅಂಗಾಂಶವನ್ನೇ ಅರೆಯಬೇಕಿತ್ತು. ಗ್ರಾಹಕಕ್ಕೆ ಅಂಟುವ ಪ್ರತಿಕಾಯಗಳು ಬಂದ ಮೇಲೆ ಸ್ಲೈಡಿನ ಮೇಲೆ ಕೋಶಕೇಂದ್ರಗಳು ಕಂದಾಗುವುದನ್ನು ಕಣ್ಣಾರೆ ಎಣಿಸಬಹುದಾಯಿತು. 2010ರ ಅಮೆರಿಕದ ಮಾರ್ಗಸೂಚಿಯಂತೆ ಶೇ 1ರಷ್ಟು ಕಂದಾದರೂ ಫಲಿತಾಂಶ ಪಾಸಿಟಿವ್.

ಇಲ್ಲಿ ಅಂಗಾಂಶವನ್ನು ಕಾಪಾಡುವ ರೀತಿಯೂ ಚಿಕಿತ್ಸೆಯ ಭಾಗವೇ. ಅದು 6ರಿಂದ 72 ಗಂಟೆ ಫಾರ್ಮಲಿನ್‌ನಲ್ಲಿರಬೇಕು. ಶಸ್ತ್ರಕ್ರಿಯೆಯ ಕೋಣೆಯಲ್ಲೇ ಹೊತ್ತು ಕಳೆದರೆ ಗ್ರಾಹಕ ನಶಿಸಿ ವರದಿ ಸುಳ್ಳೇ ನೆಗೆಟಿವ್ ಬರಬಹುದು, ರೋಗಿಗೆ ಸಲ್ಲಬೇಕಾದ ಮಾತ್ರೆ ತಪ್ಪಬಹುದು.

ಹರ್-2 ಎಂಬ ಪ್ರೋಟೀನಿನ ಜೀನ್ ಪ್ರತಿಗಳು ಹೆಚ್ಚಿರುವ ಗಡ್ಡೆಗಳು ಉಗ್ರವೆಂದು 1987ರಲ್ಲಿ ಡೆನಿಸ್ ಸ್ಲೇಮನ್ ತಂಡ ತೋರಿಸಿತು. ಆ ಪ್ರೋಟೀನನ್ನು ತಡೆಯುವ ಟ್ರಾಸ್ಟುಜುಮಾಬ್‌ಗೆ 1998ರಲ್ಲಿ ಒಪ್ಪಿಗೆ ಸಿಕ್ಕಾಗ, ಯಾರಿಗೆ ಕೊಡಬೇಕೆಂದು ಗುರುತಿಸುವ ಪರೀಕ್ಷೆಯೂ ಜೊತೆಗೇ ಬಂತು. ಬೆಂಗಳೂರಿನ ಬಯೋಕಾನ್ ತಯಾರಿಸಿದ ಅದರ ಸಮರೂಪಿ ಔಷಧಕ್ಕೆ 2013ರಲ್ಲಿ ಭಾರತದ ಅನುಮತಿ ದೊರೆಯಿತು. 2022ರಲ್ಲಿ ಮತ್ತೊಂದು ಔಷಧ, ಹರ್-2 ಮಸುಕಾಗಿಯಷ್ಟೇ ಬಣ್ಣ ಹಿಡಿಯುವ, ಅಲ್ಲಿಯವರೆಗೆ ನೆಗೆಟಿವ್ ಎನಿಸಿಕೊಂಡಿದ್ದ ಮುಂದುವರಿದ ರೋಗಕ್ಕೂ ಅಮೆರಿಕದಲ್ಲಿ ಮಂಜೂರಾಯಿತು. ಹಳೆಯ ಸ್ಲೈಡುಗಳನ್ನು ಮತ್ತೆ ಪರಿಶೀಲಿಸುವ ಕೆಲಸ ಆರಂಭವಾಯಿತು.