ಟ್ವಿನ್ ಸ್ಕ್ರೋಲ್ ಟರ್ಬೊ: ಹೊಸ ಹೆಸರು, ಹಳೇ ಉಪಾಯ

ಟ್ವಿನ್ ಸ್ಕ್ರೋಲ್ ಟರ್ಬೊ ಅಂದರೆ ಏನೋ ಮೊನ್ನೆ ಮೊನ್ನೆ ಹುಟ್ಟಿದ್ದು ಅನ್ನೋ ಹಾಗೆ ಕಾರಿನ ಜಾಹೀರಾತುಗಳು ಹೇಳುತ್ತವೆ. ಇಂಜಿನಿಯರಿಂಗ್ ಓದುವಾಗಲೂ ಅದರ ಮೂಲಪುರುಷನ ಹೆಸರನ್ನು ನನಗೆ ಯಾರೂ ಹೇಳಿರಲಿಲ್ಲ. ಆತ ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಖಿ.

ಇಂಜಿನ್ನಿನಿಂದ ಸುಮ್ಮನೆ ಪೋಲಾಗುವ ಬಿಸಿ ಹೊಗೆಯಿಂದ ಟರ್ಬೈನ್ ತಿರುಗಿಸಿ, ಅದರಿಂದ ಇಂಜಿನ್ನಿಗೇ ಹೆಚ್ಚು ಗಾಳಿ ತುಂಬುವ ಯೋಚನೆ ಅವನದು. ಪೇಟೆಂಟ್ 1905ರದು. ಆದರೆ ಅದು ನಿಜಕ್ಕೂ ಕೈಹಿಡಿಯಲು ಇಪ್ಪತ್ತು ವರ್ಷ ಬೇಕಾಯಿತು.

ತೊಡಕು ಎಲ್ಲಿ ಅಂತೀರಾ? ನಾಲ್ಕು ಸಿಲಿಂಡರಿನ ಇಂಜಿನ್ನನ್ನೇ ತಗೊಳ್ಳಿ. ಅದು ಸಾಮಾನ್ಯವಾಗಿ 1-3-4-2ರ ಸರದಿಯಲ್ಲಿ ಉರಿಯುತ್ತದೆ. ಒಂದನೆಯದು ಹೊಗೆ ಕಕ್ಕಿ ಮುಗಿಸುವ ಮೊದಲೇ ಮೂರನೆಯದರ ವಾಲ್ವ್ ತೆರೆದು ಹೊಗೆ ರಭಸದಿಂದ ನುಗ್ಗುತ್ತದೆ. ಎಲ್ಲಕ್ಕೂ ಒಂದೇ ಕೊಳವೆಯಾದರೆ, ಬಸ್ಸಿನಿಂದ ಇಳಿಯುವವರನ್ನು ಹತ್ತುವವರು ಒಳಕ್ಕೇ ತಳ್ಳಿದ ಹಾಗೆ!

1925ರಲ್ಲಿ ಬ್ಯೂಖಿ ಕಂಡುಕೊಂಡ ಉಪಾಯ ಸರಳ. ಒಂದಕ್ಕೊಂದು ಅಡ್ಡಬರದ ಸಿಲಿಂಡರುಗಳನ್ನು ಜೊತೆಮಾಡಿ ಬೇರೆ ಬೇರೆ ಕೊಳವೆ ಕೊಡುವುದು. ನಾಲ್ಕು ಸಿಲಿಂಡರಿಗಾದರೆ 1-4 ಒಂದು ಜೋಡಿ, 2-3 ಇನ್ನೊಂದು. ಅವನು ಇದನ್ನು ಮಾಡಿದ್ದು ದೊಡ್ಡ ಡೀಸೆಲ್ ಇಂಜಿನ್ನುಗಳಿಗೆ.

1996ರ ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಶನ್ 4, 2006ರ ಮಿನಿ ಕೂಪರ್ ಎಸ್ ಎರಡರಲ್ಲೂ ಇದೇ ಉಪಾಯ. ಟರ್ಬೈನಿನ ಬಸವನಹುಳು ಚಿಪ್ಪಿನಂಥ ಗೂಡಿನೊಳಗೆ ಒಂದು ಅಡ್ಡಗೋಡೆ, ಅಷ್ಟೆ. ಹೊಗೆಯ ಒಂದೊಂದು ಹೊಡೆತವೂ ಚದುರದೆ ಚಕ್ರಕ್ಕೆ ಬೀಳುವುದರಿಂದ ಕಡಿಮೆ ಆರ್‌ಪಿಎಂನಲ್ಲೇ ಟರ್ಬೊ ಎಚ್ಚರವಾಗುತ್ತದೆ. ಮಿನಿಯ 1.6 ಲೀಟರ್ ಇಂಜಿನ್ 175 ಅಶ್ವಶಕ್ತಿ ಕೊಟ್ಟಿತು.

ಹೆಸರು ಬದಲಾದಾಗ ಯೋಚಿಸಿದವನೂ ಮರೆತುಹೋಗುತ್ತಾನೆ. ಸಾಫ್ಟ್‌ವೇರಿನಲ್ಲೂ ಇದೇ ಕತೆ ಅಲ್ವಾ?