ಜೇಮ್ಸ್ ಸ್ಕರ್ರಿಯ ಸೆರೆವಾಸ ಕಥನ ಮತ್ತು ಕರಾವಳಿಯ ಕ್ಯಾಥೊಲಿಕರು

ಟಿಪ್ಪು ಸುಲ್ತಾನನ ಕಾಲದ ಮಂಗಳೂರು ಕ್ಯಾಥೊಲಿಕರ ಚರಿತ್ರೆಯನ್ನು ಕುರಿತ ಚರ್ಚೆಗಳಲ್ಲಿ ಪದೇ ಪದೇ ಉಲ್ಲೇಖಗೊಳ್ಳುವ ಹಾಗೂ ಅಷ್ಟೇ ವಿವಾದಕ್ಕೊಳಗಾಗುವ ಕೃತಿ ಜೇಮ್ಸ್ ಸ್ಕರ್ರಿಯ ಆತ್ಮಕಥನ. ಇಂಗ್ಲಿಷ್ ಹಡಗೊಂದರಲ್ಲಿದ್ದ ಈ ಬಾಲಕ ಫ್ರೆಂಚರಿಗೆ ಸೆರೆಸಿಕ್ಕನು. 1782ರಲ್ಲಿ ಫ್ರೆಂಚ್ ನೌಕಾಧಿಪತಿ ಸಫ್ರೆನ್ ಆ ಸೆರೆಯಾಳುಗಳನ್ನು ಹೈದರಾಲಿಗೆ ಒಪ್ಪಿಸಿದನು. ಶ್ರೀರಂಗಪಟ್ಟಣದಲ್ಲಿ ಬಲವಂತದ ಸುನ್ನತಿಗೊಳಗಾಗಿ, ಚೇಲಾ ಪಡೆಗೆ ಸೇರಿಸಲ್ಪಟ್ಟ ಸ್ಕರ್ರಿ ಸುಮಾರು ಹತ್ತು ವರ್ಷಗಳ ತರುವಾಯ ತಪ್ಪಿಸಿಕೊಂಡನು. ಅವನ ಕಥನ ಲಂಡನ್ನಿನಲ್ಲಿ ಅಚ್ಚಾದುದು 1824ರಲ್ಲಿ, ಅವನ ಮರಣಾನಂತರ.

1784ರ ಫೆಬ್ರವರಿಯಲ್ಲಿ ಕರಾವಳಿಯ ಕ್ಯಾಥೊಲಿಕರನ್ನು ಬಂಧಿಸಿ, ಅವರ ಆಸ್ತಿಪಾಸ್ತಿಗಳನ್ನು ಮುಟ್ಟುಗೋಲು ಹಾಕಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಇವರ ಸಂಖ್ಯೆ 30,000 ಎಂಬುದು ಸ್ಕರ್ರಿಯ ಹೇಳಿಕೆ. ಟಿಪ್ಪುವಿನ ಆಸ್ಥಾನದ ಚರಿತ್ರೆಯಾದ ‘ಸುಲ್ತಾನ್-ಉತ್-ತವಾರೀಖ್’ 60,000 ಎನ್ನುತ್ತದೆ. ಎದುರುಪಕ್ಷದ ಸೆರೆಯಾಳು ಹೇಳುವ ಸಂಖ್ಯೆಗಿಂತ ಅರಮನೆಯ ಬರವಣಿಗೆ ಹೇಳುವ ಸಂಖ್ಯೆ ಇಮ್ಮಡಿಯಾಗಿರುವುದು ಗಮನಾರ್ಹ. ಆದ್ದರಿಂದ ಸ್ಕರ್ರಿಯನ್ನು ಬ್ರಿಟಿಷ್ ಪ್ರಚಾರಕನೆಂದು ಕೈಬಿಟ್ಟರೂ ಸೆರೆವಾಸದ ಘಟನೆ ಅಳಿಸಿಹೋಗದು. ಮೂಗು, ಕಿವಿ, ತುಟಿಗಳನ್ನು ಕೊಯ್ಯಿಸಿದರೆಂಬಂತಹ ವಿವರಗಳ ಪ್ರಶ್ನೆ ಬೇರೆ. ದಶಕಗಳಾಚೆ, ಟಿಪ್ಪುವನ್ನು ಕ್ರೂರಿಯೆಂದೇ ನಂಬಿದ್ದ ಓದುಗರ ಮುಂದೆ ಬಂದ ನೆನಪುಗಳನ್ನು ಇತರ ಆಕರಗಳೊಡನೆ ತೂಗಿಯೇ ಸ್ವೀಕರಿಸಬೇಕು.

ಈ ಬಂಧನದ ಬೇರು ಸಂಶಯದಲ್ಲಿತ್ತು. 1783ರಲ್ಲಿ ಜನರಲ್ ಮ್ಯಾಥ್ಯೂಸ್ ಮಂಗಳೂರನ್ನು ಹಿಡಿದಾಗ ಕ್ಯಾಥೊಲಿಕರು ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಬಂದಿತು. ಕೆಲವರು ನೆರವಾಗಿದ್ದಿರಲೂಬಹುದು. ಆದರೆ ದಂಡನೆಗೆ ಗುರಿಯಾದುದು ಹೆಂಗಸರು ಮಕ್ಕಳಾದಿಯಾಗಿ ಇಡೀ ಸಮುದಾಯ. ಗೋವೆಯಿಂದ ವಲಸೆ ಬಂದು, ಕೆಳದಿ ಅರಸರ ಕಾಲದಿಂದ ಈ ನೆಲವನ್ನು ಉತ್ತು ಬಿತ್ತಿದ ಕೊಂಕಣಿ ಒಕ್ಕಲುಗಳು, ಮತದ ಕಾರಣಕ್ಕೇ ಪರರಾಜ್ಯನಿಷ್ಠರೆನಿಸಿದರು.

ಸ್ಕರ್ರಿಯ ಕಥನವನ್ನು ಓದಿ ಮರುಗಿದ ಇಂಗ್ಲೆಂಡ್ ಕೂಡ ಈ ಪೂರ್ವಗ್ರಹದಿಂದ ಮುಕ್ತವಾಗಿರಲಿಲ್ಲ. 1780ರಲ್ಲಿ ಲಂಡನ್ನಿನಲ್ಲಿ ಕ್ಯಾಥೊಲಿಕರ ವಿರುದ್ಧ ಭೀಕರ ಗಲಭೆ ನಡೆದಿತ್ತು. ಈ ಪುಸ್ತಕ ಅಚ್ಚಾದಾಗಲೂ ಕ್ಯಾಥೊಲಿಕರಿಗೆ ಅಲ್ಲಿನ ಪಾರ್ಲಿಮೆಂಟಿನಲ್ಲಿ ಕೂರುವ ಹಕ್ಕಿರಲಿಲ್ಲ. ಅದು ದೊರೆತುದು 1829ರಲ್ಲಿ. ಅಲ್ಲಿಯೂ ಆಪಾದನೆ ಇದೇ ಬಗೆಯದು: ಇವರ ನಿಷ್ಠೆ ದೇಶಕ್ಕಲ್ಲ, ಹೊರಗಿನ ಪೋಪನಿಗೆ. ಮಂಗಳೂರಿನ ಕ್ಯಾಥೊಲಿಕನ ಸಂಕಟ ಟಿಪ್ಪುವಿನ ವಿರುದ್ಧ ಸಾಕ್ಷ್ಯವಾಗಿ ಬಳಕೆಯಾಯಿತು. ತಮ್ಮ ನೆರೆಯ ಕ್ಯಾಥೊಲಿಕನನ್ನು ನಂಬುವ ಪಾಠವಾಗಲಿಲ್ಲ.

ಇದಕ್ಕೆ ಭಿನ್ನವಾದ ಸ್ಮೃತಿಯೊಂದು ತುಳುನಾಡಿನಲ್ಲಿದೆ. ಆ ಕಾಲದಲ್ಲಿ ಇಪ್ಪತ್ತೇಳು ಇಗರ್ಜಿಗಳು ನೆಲಸಮವಾದವೆಂದೂ, ಮೂಡುಬಿದಿರೆಯ ಜೈನ ಅರಸರಾದ ಚೌಟರ ಸ್ನೇಹದಿಂದಾಗಿ ಹೊಸಪೇಟೆ ಇಗರ್ಜಿ ಉಳಿಯಿತೆಂದೂ ಹೇಳಿಕೆಯಿದೆ. ಅನ್ಯಮತೀಯರ ಆಲಯವನ್ನು ನೆರೆಮನೆಯೆಂದು ಕಂಡ ಈ ನಡೆಗೂ ಚರಿತ್ರೆಯಲ್ಲಿ ಸ್ಥಾನ ಸಲ್ಲಬೇಕು. ಸ್ಕರ್ರಿಯನ್ನು ಪೂರ್ಣವಾಗಿ ನಂಬುವುದೂ ಪೂರ್ಣವಾಗಿ ತಳ್ಳಿಹಾಕುವುದೂ ಸುಲಭ. ಕೆಲವರ ಮೇಲಿನ ಸಂಶಯಕ್ಕಾಗಿ ಸಮುದಾಯವನ್ನೇ ದಂಡಿಸಿದ ಆ ವರ್ಷವನ್ನು ಇಂದು ಇನ್ನೊಂದು ಸಮುದಾಯದ ಮೇಲಿನ ಸಂಶಯಕ್ಕೆ ಆಧಾರವಾಗಿಸದಂತೆ ಓದುವುದೇ ಸಂಶೋಧಕನ ಹೊಣೆ.